ತೆಗಿ ಅಂದರೆ ಹಾಕಿಕೊಂಡ ಪರದೆ

ನಲವತ್ತೊಂದನೇ ವಯಸ್ಸಿನಲ್ಲಿ ಡಿಪ್ಲೊಮಾ ಮುಗಿಸಿದ ಮನುಷ್ಯನಿಗೆ ಒಂದು ಧೈರ್ಯ ಬರುತ್ತದೆ. ಮನೆಯವರು ಅದನ್ನು ಆಗಲೇ ಅಡಗಿಸಿಬಿಡಬೇಕು. ನನ್ನ ವಿಷಯದಲ್ಲಿ ತಡವಾಯಿತು.

ಗುಂಡ್ಲುಪೇಟೆಯಲ್ಲಿ ನನ್ನದೊಂದು ಮೋಟರು ವೈಂಡಿಂಗ್ ಅಂಗಡಿ. ಮನೆ ಬೇಗೂರಿನ ಹತ್ತಿರ. ಎಸ್ಸೆಸ್ಸೆಲ್ಸಿಯನ್ನು ನಾಲ್ಕನೇ ಯತ್ನದಲ್ಲಿ ಮುಗಿಸಿ, ಇಪ್ಪತ್ತು ವರ್ಷ ಬಿಟ್ಟು, ಚಾಮರಾಜನಗರಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದೆ. ಮೊದಲ ದಿನ ತರಗತಿಯ ಹುಡುಗರು ನನ್ನನ್ನು ಲೆಕ್ಚರರ್ ಎಂದುಕೊಂಡು ಎದ್ದು ನಿಂತರು. ನಾನೂ ಗಾಂಭೀರ್ಯದಿಂದ "ಕೂತ್ಕೊಳ್ಳಿ" ಎಂದೆ. ಆಮೇಲೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.

ನನ್ನ ಹೆಂಡತಿ ಭಾಗ್ಯ ರೇಷ್ಮೆ ಹುಳು ಸಾಕುತ್ತಾಳೆ. ಹಿಂದಿನ ಬೆಳೆ ಸೆಕೆಗೆ ಪೂರ್ತಿ ಸತ್ತಿತ್ತು. ಈ ಸಲ ನೂರೈವತ್ತು ಚಿಟ್ಟೆ ಇಟ್ಟಷ್ಟು ಮೊಟ್ಟೆಯ ಹುಳು ತಂದಾಗ ಅವಳು ಹೇಳಿದ್ದು ಒಂದೇ ಮಾತು.

"ಇದೊಂದು ಬೆಳ ಕೈಕೊಟ್ರ ಹುಳದ್ ಮನಗ ಬೀಗ ಕಣ್ರೀ. ಇನ್ನ್ ಜನ್ಮದಲ್ಲಿ ಸಾಕಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕೈಯಲ್ಲಿ ಡಿಪ್ಲೊಮಾ ಇತ್ತು. "ನೀನು ಚಿಂತೆ ಬುಡು. ಯಂತ್ರ ನೋಡ್ಕತ್ತದೆ" ಎಂದೆ.

ಯಂತ್ರ ಎಂದರೆ ಬೆಂಕಿಪೊಟ್ಟಣದಷ್ಟು ಒಂದು ಬೋರ್ಡು. ಹುಳುಮನೆಯ ಸೆಕೆಯನ್ನು ಅದು ಅರ್ಧ ನಿಮಿಷಕ್ಕೊಮ್ಮೆ ಅಳೆಯುತ್ತದೆ. ಅದರೊಳಗೆ ಎಂಟು ಸ್ವಿಚ್ಚುಗಳ ಒಂದು ಸಾಲು ಇರುತ್ತದೆ. ಒಂದು ಅಂದರೆ ಆನ್, ಸೊನ್ನೆ ಅಂದರೆ ಆಫ್. ಮೊದಲನೆಯದು ಫ್ಯಾನು, ಎರಡನೆಯದು ನೀರನ್ನು ಮಂಜಿನಂತೆ ಉಗುಳುವ ಫಾಗರ್, ಮೂರನೆಯದು ಕಿಟಕಿಗಳ ಪರದೆಯ ಮೋಟರು; ಒಂದಾದರೆ ಪರದೆ ಮೇಲೇರುತ್ತದೆ, ಸೊನ್ನೆಯಾದರೆ ಕೆಳಗಿಳಿಯುತ್ತದೆ. ಮೋಟರನ್ನು ನಾನೇ ವೈಂಡಿಂಗ್ ಮಾಡಿದ್ದು.

ಇದರಲ್ಲಿ ಒಂದು ಕಷ್ಟವಿದೆ. ಎಂಟೂ ಸ್ವಿಚ್ಚುಗಳು ಸೇರಿ ಒಂದೇ ಅಂಕಿ. ಒಂದನ್ನು ಮುಟ್ಟಲು ಹೋದರೆ ಉಳಿದ ಏಳಕ್ಕೂ ಕೈ ತಾಗುತ್ತದೆ. ಅದಕ್ಕೇ ಮಾಸ್ಕ್ ಎಂಬುದಿದೆ. ಎಂಟು ಸ್ವಿಚ್ಚಿನ ಮೇಲೆ ಒಂದೇ ತೂತಿನ ರಟ್ಟು ಇಟ್ಟ ಹಾಗೆ. ತೂತಿನಲ್ಲಿ ಕಂಡದ್ದನ್ನು ಮಾತ್ರ ಒತ್ತಬೇಕು. ಸಿ ಭಾಷೆಯಲ್ಲಿ ಈ ರಟ್ಟನ್ನು ಬರೆಯುವುದು ಎಂದರೆ ಕಂಬಳಿಹುಳದಂಥ ಗುರುತು, ಕೊಕ್ಕೆ, ಕಂಸ, ಎಲ್ಲ ಬರುತ್ತವೆ. ಒಂದೇ ಬೆರಳಲ್ಲಿ ಟೈಪ್ ಮಾಡುವ ನಾನು ಪ್ರತಿ ಸಲ ಅದನ್ನು ಬರೆದರೆ ಹುಳು ಚಿಟ್ಟೆಯಾಗಿ ಹಾರಿಹೋದೀತು. ಆದ್ದರಿಂದ ಒಂದು ಸಲ ಬರೆದು ಅದಕ್ಕೊಂದು ಚಿಕ್ಕ ಹೆಸರಿಡುವುದು. ಅದೇ ಮ್ಯಾಕ್ರೊ.

"ಹೆಸರು ಓದಿದ್ರೆ ಕೆಲಸ ಗೊತ್ತಾಗ್ಬೇಕು" ಎಂದು ನಮ್ಮ ಕಾಲೇಜಿನ ಮೇಡಂ ಹೇಳಿದ್ದರು. ಎಲ್ಲರೂ ಇಂಗ್ಲಿಷಿನಲ್ಲಿ ಸೆಟ್, ಕ್ಲಿಯರ್ ಎಂದು ಇಡುತ್ತಾರೆ. ನಾನು ಆಳವಾಗಿ ಯೋಚಿಸಿದೆ. ನನ್ನ ಹುಳುಮನೆಗೆ ಯಾವ ಇಂಗ್ಲಿಷು? ಸ್ವಿಚ್ಚನ್ನು ಒಂದು ಮಾಡುವ ಮ್ಯಾಕ್ರೊಗೆ ಹಾಕು ಎಂದೂ ಸೊನ್ನೆ ಮಾಡುವ ಮ್ಯಾಕ್ರೊಗೆ ತೆಗಿ ಎಂದೂ ನಾಮಕರಣ ಮಾಡಿದೆ. ಕರೆಂಟ್ ತೆಗೆದರು ಅನ್ನುತ್ತೇವಲ್ಲ, ಹಾಗೆ. ಕನ್ನಡಕ್ಕೆ ಒಂದು ಸೇವೆ ಸಂದಿತು ಎಂದು ಎದೆ ಸ್ವಲ್ಪ ಉಬ್ಬಿತು.

ಆಮೇಲೆ ಭಾಗ್ಯಳನ್ನು ಕೂರಿಸಿಕೊಂಡು, "ಸೆಕೆ ಜಾಸ್ತಿ ಆದ್ರೆ ನೀನು ಏನೇನ್ ಮಾಡೀಯೆ? ಒಂದೊಂದಾಗಿ ಹೇಳು" ಎಂದೆ.

"ಫ್ಯಾನ್ ಹಾಕ್ತೀನಿ. ಹುಳ ಹಣ್ಣಾಗಿದ್ರ ಫಾಗರ್ ತೆಗಿತೀನಿ, ಗೂಡ್ ಕಟ್ಟೋವಾಗ ತ್ಯಾವ ಆಗ್ಬಾರ್ದು. ಪರ್ದ ತೆಗಿತೀನಿ."

ಅವಳು ಹೇಳಿದ್ದನ್ನು ಅಕ್ಷರ ಬಿಡದೆ ಬರೆದೆ. ಹಾಕು ಫ್ಯಾನು. ತೆಗಿ ಫಾಗರ್. ತೆಗಿ ಪರದೆ. ಓದಿದರೆ ಮಗುವಿಗೂ ಅರ್ಥವಾಗಬೇಕು!

ಪರೀಕ್ಷೆಯನ್ನೂ ಮಾಡಿದೆ. ಎಂಟು ಸ್ವಿಚ್ಚಿಗೆ ಎಂಟು ಪುಟ್ಟ ಬಲ್ಬು ಕಟ್ಟಿದೆ. ಹಾಕು ಅಂದ ಬಲ್ಬು ಹತ್ತಿತು, ತೆಗಿ ಅಂದ ಬಲ್ಬು ಆರಿತು. ಎಂಟಕ್ಕೆ ಎಂಟೂ ಸರಿ. ನಾನು ಸುಖವಾಗಿ ಉಂಡು ಮಲಗಿದೆ.

ಹುಳು ಹಣ್ಣಾಯಿತು. ಅಂದರೆ ಸೊಪ್ಪು ತಿನ್ನುವುದು ಬಿಟ್ಟು, ಗೂಡು ಕಟ್ಟಲು ತಲೆ ಎತ್ತಿ ಜಾಗ ಹುಡುಕುತ್ತಿತ್ತು. ಭಾಗ್ಯ ಒಂದೊಂದನ್ನೂ ಆರಿಸಿ, ಚಂದ್ರಿಕೆ ಎನ್ನುವ ದೊಡ್ಡ ಬಿದಿರಿನ ತಟ್ಟೆಗಳಿಗೆ ಬಿಟ್ಟಳು. ಮಧ್ಯಾಹ್ನದ ಬಿಸಿಲು ಏರಿತು. ಬೋರ್ಡು ಸೆಕೆ ಅಳೆಯಿತು. ಫ್ಯಾನು ತಿರುಗಿತು. ನಾನು ಕೈ ಕಟ್ಟಿ ನಿಂತೆ.

ಎಲ್ಲ ಕಿಟಕಿಗಳಲ್ಲೂ ಬೆಳಿಗ್ಗೆ ಅರ್ಧ ಏರಿಸಿಟ್ಟಿದ್ದ ಪರದೆಗಳು ಏಕಕಾಲಕ್ಕೆ, ಬಹಳ ಗೌರವದಿಂದ, ಕೆಳಗಿಳಿದು ಮುಚ್ಚಿಕೊಂಡವು!

"ಅಯ್ಯೋ, ಪರ್ದ ತೆಗಿ ಅಂದ್ರ ಹಾಕ್ಬುಡ್ತಲ್ರೀ ನಿಮ್ ಮಿಸಿನ್ನು!"

ಆಗ ನನಗೆ ಹೊಳೆಯಿತು. ಫ್ಯಾನು ತೆಗಿ ಅಂದರೆ ಅದು ನಿಲ್ಲಬೇಕು. ಪರದೆ ತೆಗಿ ಅಂದರೆ ಅದು ಏಳಬೇಕು. ಬೋರ್ಡಿಗೆ ಎರಡೂ ಸೊನ್ನೆ. ನಲವತ್ತೊಂದು ವರ್ಷ ಆಡಿದ ಭಾಷೆ, ಬಲ್ಬು ಕಟ್ಟಿ ಪರೀಕ್ಷೆ ಮಾಡಿದಾಗ ಒಂದು ಮಾತೂ ಹೇಳಿರಲಿಲ್ಲ!

"ಎರಡೇ ನಿಮಿಷ ಕಣಮ್ಮಿ" ಎಂದು ಲ್ಯಾಪ್‌ಟಾಪ್ ತೆಗೆದೆ. ಗಾಬರಿಯಲ್ಲಿ ಸುಲಭದ ದಾರಿ ಹಿಡಿದೆ. ಹಾಕು ಇದ್ದಲ್ಲಿ ಸೊನ್ನೆ, ತೆಗಿ ಇದ್ದಲ್ಲಿ ಒಂದು. ಮ್ಯಾಕ್ರೊದ ಚೆಲುವೇ ಅದು. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಬದಲಾಗುತ್ತದೆ.

ಎಲ್ಲ ಕಡೆ ಬದಲಾಯಿತು. ಪರದೆ ಎದ್ದಿತು. ಫ್ಯಾನು ನಿಂತಿತು. ಫಾಗರ್ ಎರಡು ಸಲ ಕೆಮ್ಮಿ, ಗೂಡು ಕಟ್ಟಲು ಕೂತ ಹುಳುಗಳ ಮೇಲೆ ಭರ್ರೆಂದು ಮಂಜು ಸುರಿಸತೊಡಗಿತು.

"ತೆಗೀರಿ! ತೆಗೀರಿ ಅದ!" ಎಂದು ಭಾಗ್ಯ ಕಿರುಚಿದಳು.

"ತೆಗಿ ಅಂದಿದ್ಕೇ ಬಂದಿರೋದು ಕಣೆ!" ಎಂದೆ. ಆ ಗಳಿಗೆಯಲ್ಲಿ ಆಡಬಾರದಾಗಿದ್ದ ಮಾತು ಅದು. ನಿಜವೂ ಆಗಿತ್ತು.

ಅವಳು ಸೀರೆ ಸೆರಗಿನಿಂದ ಫಾಗರಿನ ಬಾಯಿ ಮುಚ್ಚಿ ನಿಂತಳು. ನಾನು ಮ್ಯಾಕ್ರೊಗಳನ್ನು ಮೊದಲಿನಂತೆ ಮಾಡಿ, ಪರದೆಗೆ ಮಾತ್ರ ಹೊಸದೊಂದನ್ನು ಕಟ್ಟಿದೆ. ಅದರ ಹೆಸರು ತಿರುಗಿಸು. ಸ್ವಿಚ್ಚು ಸೊನ್ನೆ ಇದ್ದರೆ ಒಂದು, ಒಂದಿದ್ದರೆ ಸೊನ್ನೆ. ಹೊಸ ಪ್ರೋಗ್ರಾಮ್ ಹಾಕುವಾಗ ಎಲ್ಲ ಸ್ವಿಚ್ಚೂ ಒಮ್ಮೆ ಸೊನ್ನೆಯಾಗಿ ಪರದೆ ಇಳಿದಿತ್ತು. ಫಾಗರ್ ನಿಂತಿತು, ಫ್ಯಾನು ತಿರುಗಿತು, ಪರದೆ ಮತ್ತೆ ಮೇಲೆ ಹೋಯಿತು. ಭಾಗ್ಯ ಸೆರಗು ಹಿಂಡುತ್ತಾ ಉಸಿರು ಬಿಟ್ಟಳು. ನಾನೂ ಬಿಟ್ಟೆ.

ಅರ್ಧ ನಿಮಿಷ ಆಯಿತು. ಬೋರ್ಡು ಮತ್ತೆ ಸೆಕೆ ಅಳೆಯಿತು. ಸೆಕೆ ಇನ್ನೂ ಇತ್ತು. ತಿರುಗಿಸಿತು.

ಪರದೆ ಕೆಳಗೆ ಬಂತು. ಇನ್ನರ್ಧ ನಿಮಿಷಕ್ಕೆ ಮೇಲೆ. ಮತ್ತೆ ಕೆಳಗೆ. ಪಕ್ಕದ ತೋಟದ ಸಿದ್ದಪ್ಪಣ್ಣ ಬೇಲಿಯ ಆಚೆ ನಿಂತು ಬಹಳ ಹೊತ್ತು ನೋಡಿದರು.

"ಏನ್ಲಾ ಮಾದೇವ, ನಾಟ್ಕ ಯಾವಾಗ್ಲಾ ಸುರು?"

"ಇಲ್ಲ ಕಣಣ್ಣ, ಪ್ರೋಗ್ರಾಮ್ ಸ್ವಲ್ಪ…"

"ಪ್ರೋಗ್ರಾಮ್ ಅಂತಾನೇ ಕೇಳ್ದೆ ಕಣ್ಲಾ. ಪರ್ದ ಎದ್ದೇ ಎದ್ದದ, ಯಾವ್ ಪಾತ್ರಾನೂ ಬರ್ನಿಲ್ಲ."

ಐದನೇ ಸಲ ಇಳಿಯುವಾಗ ಮೋಟರಿನಿಂದ ಹೊಗೆ ಬಂತು. ಅದರ ವಾಸನೆಯಲ್ಲೇ ಕಾಯಿಲ್ ಸುಟ್ಟಿದೆ ಎಂದು ಹೇಳಬಲ್ಲವನು ನಾನು, ಹೇಳಿದೆ. ಯಾರೂ ಮೆಚ್ಚಲಿಲ್ಲ. ಪರದೆಗಳು ಮುಚ್ಚಿದಲ್ಲೇ ನಿಂತವು.

ಭಾಗ್ಯ ಮೊದಲು ಮೈನ್ ಸ್ವಿಚ್ ಕಿತ್ತಳು. ಆಮೇಲೆ ಸೊಪ್ಪು ಕೊಯ್ಯುವ ಕುಡುಗೋಲು ತಂದು ಪರದೆಗಳನ್ನು ಒಂದೊಂದಾಗಿ ಹರಿದು ಹಾಕಿದಳು. ಗಾಳಿ ಒಳಗೆ ಬಂತು. "ಸಿದ್ದಪ್ಪಣ್ಣಾ, ಅತ್ಗೇರ್ನೂ ಕರೀರಿ" ಎಂದು ಕೂಗಿದಳು. ಒಳಗೆಲ್ಲ ತೇವವಾಗಿತ್ತು; ಎಲ್ಲರೂ ಸೇರಿ ಚಂದ್ರಿಕೆಗಳನ್ನು ಹೊತ್ತು ಹೊಂಗೆ ಮರದ ನೆರಳಿಗೆ ಸಾಗಿಸಿದೆವು. ನನಗೆ ಕೊಟ್ಟ ಕೆಲಸ ಕಾಗೆ ಓಡಿಸುವುದು. ಅದಕ್ಕೆ ಡಿಪ್ಲೊಮಾ ಬೇಕಿರಲಿಲ್ಲ, ಆದರೂ ಮನಸಿಟ್ಟು ಮಾಡಿದೆ.

ಸಂಜೆ ಹುಳುಗಳು ಬಾಯಿಂದ ಎಳೆ ಬಿಡತೊಡಗಿದವು. ಅದನ್ನು ನೋಡುತ್ತಾ ಭಾಗ್ಯ ಅತ್ತಳು. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಅವಳಿಗೆ ವಿವರಿಸಿದೆ: ಎಂಟು ಸ್ವಿಚ್ಚು, ಸೊನ್ನೆ, ಒಂದು, ಹಾಕು, ತೆಗಿ.

"ಅಲ್ಲ ಕಣ್ರೀ, ಒಳಗಿರೋ ಸ್ವಿಚ್ಗೊಂದ್ ಹೆಸ್ರು, ಹೊರಗಿರೋ ಸಾಮಾನ್ಗೊಂದ್ ಹೆಸ್ರು ಇಡ್ಬೇಕ್ ತಾನೆ? ಸ್ವಿಚ್ಗ ಒಂದ್ ಮಾಡು, ಸೊನ್ನ ಮಾಡು ಅನ್ನಿ. ಪರ್ದಗ ಮ್ಯಾಕ್ಕ, ಕೆಳಕ್ಕ ಅನ್ನಿ. ಅದ್ರಲ್ಲಿ ಎರಡರ್ತ ಎಲ್ಲದ?"

ಮೂರು ವರ್ಷ ಬಸ್ಸಿನಲ್ಲಿ ಓಡಾಡಿ ಕಲಿಯಬೇಕಾಗಿದ್ದ ಪಾಠವನ್ನು ಅವಳು ಕಾಗೆಯ ಕಡೆ ಒಂದು ಕಣ್ಣಿಟ್ಟುಕೊಂಡು ಹೇಳಿ ಮುಗಿಸಿದ್ದಳು.

ಬೆಳೆ ಉಳಿಯಿತು. ಫಾಗರಿನ ಎದುರಿಗಿದ್ದ ನಾಲ್ಕು ಚಂದ್ರಿಕೆಗಳ ಗೂಡುಗಳು ಮಾತ್ರ ತೆಳ್ಳಗೆ, ಕಲೆಕಲೆಯಾಗಿ ಬಂದವು. ಅವನ್ನು ಬೇರೆ ಚೀಲಕ್ಕೆ ತುಂಬಿ ಇಬ್ಬರೂ ಚಾಮರಾಜನಗರದ ಗೂಡಿನ ಮಾರುಕಟ್ಟೆಗೆ ಹೋದೆವು. ಒಳ್ಳೆಯ ಗೂಡನ್ನು ಎಲ್ಲರೂ ಹೊಗಳಿದರು. ಕೊಳ್ಳಲು ಬಂದ ಒಬ್ಬ ಹಿರಿಯರು ಆ ಬೇರೆ ಚೀಲದಿಂದ ನಾಲ್ಕು ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮರುಕದಿಂದ ಕೇಳಿದರು.

"ಇವಕ್ಕೆ ಏನಮ್ಮ ರೋಗ ಬಂದಿತ್ತು?"

ಭಾಗ್ಯ ನನ್ನ ಕಡೆ ಒಂದು ಸಲ ನೋಡಿದಳು.

"ರೋಗ ಅಲ್ಲ ಸಾರ್. ನಮ್ ಯಜಮಾನ್ರು ಓದ್ಕಂಡವ್ರೆ."