ಪಾಪ ಅನಿಸಿ ಹಾಕಿದ ಓಟು

ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಕಡೆ ಮಾಸ್ತರಿಕೆ ಮಾಡಿದವನು ನಾನು. ಚುನಾವಣೆ ಡ್ಯೂಟಿ ಒಮ್ಮೆಯೂ ತಪ್ಪಲಿಲ್ಲ. ಪ್ರಚಾರದಲ್ಲಿ ಗಂಟಲು ಹರಿದುಕೊಂಡು ಕೂಗಾಡಿದ ಜನ ಓಟಿನ ದಿನ ಇದ್ದಕ್ಕಿದ್ದಂತೆ ಮೆತ್ತಗಾಗುತ್ತಾರೆ. ಆಗೆಲ್ಲ ನಗು ಬರುವಂಥದ್ದು ಒಂದಾದರೂ ಆಗಿಯೇ ಆಗುತ್ತದೆ.

ಕುರ್ಚಿ

ಧಾರೇಶ್ವರದ ಹತ್ತಿರದ ಮತಗಟ್ಟೆ. ಎರಡು ಪಕ್ಷದ ಏಜೆಂಟರು ಬೆಳಿಗ್ಗೆಯಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮಂಡಿನೋವಿನ ಅಜ್ಜಿಯೊಬ್ಬರು ಮೆಟ್ಟಿಲ ಕೆಳಗೆ ನಿಂತುಬಿಟ್ಟರು. ಇಬ್ಬರೂ ಎದ್ದು ಹೋಗಿ, ಅಜ್ಜಿಯನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಒಂದೊಂದು ಬದಿ ಹಿಡಿದು ಎತ್ತಿ ತಂದರು. ನೋಡಿ ನನ್ನ ಕಣ್ಣು ತುಂಬಿತು.

ಅಜ್ಜಿ ಯಂತ್ರದ ಹತ್ತಿರದಿಂದ ಬಂದವರೇ ಆತಂಕದಲ್ಲಿ ಕೇಳಿದರು, ಓಟು ಸಿಗದವನು ವಾಪಸ್ ಹೊರುತ್ತಾನೋ ಇಲ್ಲವೋ ಎಂದು. ಯಾರಿಗೆ ಹಾಕಿದರೂ ಇಬ್ಬರೂ ಸೇರಿಯೇ ಹೊರುತ್ತೇವೆ ಎಂದು ಏಜೆಂಟರು ಮಾತು ಕೊಟ್ಟರು.

“ಹಂಗಾದ್ರೆ ಆತು ತಮಾ,” ಅಂದರು ಅಜ್ಜಿ ಕುರ್ಚಿಯಲ್ಲಿ ಕೂತು. “ನಾ ಇಬ್ಬರಿಗೂ ಹಾಕಲಿಲ್ಲ.”

ನೀವು ಮೊದಲು

ಭಟ್ಕಳದಲ್ಲಿ ಒಮ್ಮೆ ಸುಡು ಬಿಸಿಲು, ಉದ್ದ ಸಾಲು. ವಯಸ್ಸಾದವರನ್ನು ಮೊದಲು ಬಿಡೋಣವೇ ಎಂದು ಕೇಳಿದೆ. ಸಾಲಿಗೆ ಸಾಲೇ ಒಪ್ಪಿ ಜಾಗ ಬಿಟ್ಟಿತು. ಮುಂದೆ ಬಂದವರು ಇಬ್ಬರು: ಟೊಪ್ಪಿ ಹಾಕಿದ ಚಾಚಾ ಒಬ್ಬರು, ಅವರ ಪಕ್ಕದ ಬೀದಿಯ ಭಟ್ಟರು ಒಬ್ಬರು. ಬಾಗಿಲಲ್ಲಿ ಚಾಚಾ ಭಟ್ಟರಿಗೆ ಮೊದಲು ಹೋಗಿ ಅಂದರು. ಭಟ್ಟರು, ನೀವೇ ಹಿರಿಯರು ಅಂದರು. ನಾನಲ್ಲ ನೀವು, ನಾನಲ್ಲ ನೀವು ಎಂದು ಸೌಜನ್ಯ ಏರುತ್ತಾ ಹೋಗಿ ಜಗಳದ ಹತ್ತಿರ ಬಂತು. ಒಳಗೆ ನಾವು ಶಾಯಿ ಹಿಡಿದು ಖಾಲಿ ಕೂತಿದ್ದೆವು.

ಕೊನೆಗೆ ಸಾಲಿನಲ್ಲಿದ್ದ ಬಸುರಿ ಹೆಂಗಸು ಅವರಿಬ್ಬರ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದು ಹೇಳಿದಳು, “ಸರ್, ಅವರದ್ದು ಮುಗಿಯೋದ್ರೊಳಗೆ ನನ್ನ ಮಗುವಿಗೂ ಓಟು ಬಂದೀತು.”

ಒಂದೇ ಓಟು

ಹೊನ್ನಾವರದಲ್ಲಿ ಪಂಚಾಯ್ತಿ ಓಟಿನ ಎಣಿಕೆ. ನನ್ನ ಊರಿನ ಟೆಂಪೋ ಡ್ರೈವರ್ ಚುನಾವಣೆಗೆ ನಿಂತಿದ್ದ. ಎದುರಿಗೆ ಮೀನು ಮಾರುವ ಹೆಂಗಸು. ಕೇರಿಗೆ ಕುಡಿಯುವ ನೀರು ತರಿಸುತ್ತೇನೆಂದು ಓಟು ಕೇಳುತ್ತಾ, ಬುಟ್ಟಿ ಹೊತ್ತುಕೊಂಡೇ ಒಬ್ಬಳೇ ಮನೆಮನೆ ತಿರುಗಿದ್ದಳು. ಅವಳು ಗೆಲ್ಲುತ್ತಾಳೆಂದು ಯಾರೂ ಅಂದುಕೊಂಡಿರಲಿಲ್ಲ. ಆದರೆ ಒಂದೇ ಓಟಿನಿಂದ ಗೆದ್ದಳು. ಮರು ಎಣಿಕೆಯಲ್ಲೂ ಅದೇ.

ಅವಳಿಗೆ ಮೊದಲ ಹಾರ ಹಾಕಿದವನು ಸೋತ ಡ್ರೈವರೇ. ಆಮೇಲೆ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದ, “ಮಾಸ್ತರ್ರೇ, ನನ್ನ ಓಟು ನಾ ಅವಳಿಗೇ ಹಾಕಿದ್ದು. ಒಂದೂ ಬರದಿದ್ರೆ ಪಾಪ ಅಲ್ವಾ?”

ಇಂಥ ಅಭ್ಯರ್ಥಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವನಿಗೋ ಸೋತ ದುಃಖಕ್ಕಿಂತ ಹೆಂಡತಿಯ ಹೆದರಿಕೆ. ನೀವಿದ್ದರೆ ಕಮ್ಮಿ ಬೈತಾಳೆ ಎಂದು ನನ್ನನ್ನೂ ಮನೆಗೆ ಕರೆದುಕೊಂಡು ಹೋದ. ಜಗಲಿಯಲ್ಲಿ ನಿಂತು, ತಲೆ ತಗ್ಗಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಅವಳು ಬೈಯಲಿಲ್ಲ. ನನಗೆ ಚಾ ಕೊಟ್ಟು ಗಂಡನ ಕಡೆ ತಿರುಗಿದಳು.

“ಅದಕ್ಕೆ ಎಂತ ಹೆದರೂದು? ನಾನೂ ಅವಳಿಗೇ ಹಾಕಿದ್ದು. ನಂದು ಪಾಪ ಅನಿಸಿ ಅಲ್ಲ, ಮತ್ತೆ.”