ಹನ್ನೊಂದು ನಿಮಿಷದ ಉಳಿತಾಯ

ದಾಕ್ಷಾಯಿಣಿಯ ಕಂಪ್ಯೂಟರ್ ಚಾಲೂ ಆಗಲು ಹನ್ನೊಂದು ನಿಮಿಷ ಬೇಕಾಗುತ್ತಿತ್ತು. ಗೋಕುಲ ರಸ್ತೆಯ ಮನೆಯಲ್ಲೇ ಕೂತು ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಆಕೆ ಅದರ ಬಗ್ಗೆ ಒಮ್ಮೆಯೂ ದೂರಿರಲಿಲ್ಲ. ಸಂಕಟವಾಗುತ್ತಿದ್ದುದು ಗಂಡ ಬಸವಪ್ರಭುವಿಗೆ. ನೀರಾವರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಡತ ತಳ್ಳಿ (ತಳ್ಳಿದ್ದಕ್ಕಿಂತ ತಡೆದದ್ದೇ ಹೆಚ್ಚು ಎನ್ನುವವರೂ ಇದ್ದರು) ನಿವೃತ್ತನಾದ ಮೇಲೆ ಆತನಿಗೆ ವಿಳಂಬವೆಂದರೆ ಸಹಿಸಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೆಂಡತಿ ಕಾಯಿಪಲ್ಲೆ ತರಲು ಹೋದದ್ದೇ ತಡ, ಆತ ಕಂಪ್ಯೂಟರಿನ ಜೀರ್ಣೋದ್ಧಾರಕ್ಕೆ ಕೂತ. ರಿಪೇರಿ ಅಂಗಡಿಯ ಗೆಳೆಯ ಕಮರುದ್ದೀನ ಫೋನಿನಲ್ಲಿ ದಾರಿ ತೋರಿಸಿದ.

"ಸ್ಟಾರ್ಟಪ್ ಅಂತ ಒಂದು ಯಾದಿ ಕಾಣತೈತಿ ನೋಡ್ರಿ. ಬ್ಯಾಡಾದ್ದು ಬಂದ್ ಮಾಡ್ರಿ, ಬೇಕಾದ್ದು ಬಿಡ್ರಿ."

"ಬೇಕಾದ್ದು ಯಾವುದು?"

"ಅದು ವೈನಿಯವರಿಗೆ ಗೊತ್ತಿರತೈತ್ರಿ. ಅವರನ್ನ ಕೇಳ್ರಿ."

ಬಸವಪ್ರಭು ಹೆಂಡತಿಯನ್ನು ಕೇಳಲಿಲ್ಲ. ಯಾದಿಯಲ್ಲಿದ್ದ ಹತ್ತೊಂಬತ್ತನ್ನೂ ಒಂದೇ ಹುಕುಮಿನಲ್ಲಿ ಅಮಾನತು ಮಾಡಿದ. ಮತ್ತೆ ಚಾಲೂ ಮಾಡಿ ನೋಡಿದರೆ ನಲವತ್ತೇ ಸೆಕೆಂಡು. ಮೀಸೆ ತಿರುವಬೇಕೆನಿಸಿತು (ಮೀಸೆ ಇರಲಿಲ್ಲ).

ದಾಕ್ಷಾಯಿಣಿ ಬಂದು ಕೂತಳು. ಸುಳ್ಳ ಗ್ರಾಮದ ಹನುಮಪ್ಪ ಮಗಳ ಲಗ್ನಪತ್ರಿಕೆ ಒಯ್ಯಲು ಹನ್ನೊಂದಕ್ಕೆ ಬರುವವನಿದ್ದ. 'ಶ್ರೀ ಬಸವೇಶ್ವರ ಪ್ರಸನ್ನ' ಎಂದು ಆಕೆ ಬೆರಳಾಡಿಸಿದರೆ ಪರದೆಯ ಮೇಲೆ ಮೂಡಿದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು.

"ಏನೇನು ಬಂದ್ ಮಾಡೀರಿ?"

"ಬ್ಯಾಡಾದ್ದು."

"ಕನ್ನಡ ಬ್ಯಾಡಾತೇನ್ರಿ?"

ಅಷ್ಟರಲ್ಲಿ ಹನುಮಪ್ಪ ಬಾಗಿಲಿಗೆ ಬಂದ. "ಅಕ್ಕಾರ, ಪತ್ರಿಕಿ ಆತೇನ್ರಿ? ಸಂಜೀಕ ಬೀಗರು ಬರಾಕತ್ತಾರ."

"ಸ್ವಲ್ಪ ಕುಂಡ್ರಿ ಅಣ್ಣಾರ" ಎಂದು ದಾಕ್ಷಾಯಿಣಿ ಆ ಯಾದಿ ತೆರೆದು, ಕನ್ನಡ ಟೈಪಿಂಗಿನದನ್ನು ಮೊದಲಿನಂತೆ ಮಾಡಿದಳು. ಅಕ್ಷರಗಳು ಹಾದಿಗೆ ಬಂದವು. ಉಳಿದ ಹದಿನೆಂಟರ ಮೇಲೆ ಕಣ್ಣಾಡಿಸಿ, "ಇವು ಖರೇನ ಬ್ಯಾಡಾಗಿದ್ದುವು. ಛಲೋ ಮಾಡೀರಿ" ಎಂದಳು. ಹನುಮಪ್ಪ ಪತ್ರಿಕೆ ಒಯ್ದ. ಹೆಂಡತಿಯ ಬಾಯಿಂದ ಬಂದ ಆ ಪ್ರಶಸ್ತಿಯನ್ನು ಬಸವಪ್ರಭು ಅಂದು ಕಮರುದ್ದೀನನಿಗೆ ಎರಡು ಸಲ ಫೋನ್ ಮಾಡಿ ತಿಳಿಸಿದ.

ಮರುದಿನ ಎಂಟಕ್ಕೆ ದಾಕ್ಷಾಯಿಣಿ ಗುಂಡಿ ಒತ್ತಿದಳು, ಕೂತಳು, ಟೈಪ್ ಮಾಡತೊಡಗಿದಳು. ಒಂಬತ್ತಾದರೂ ಏಳಲಿಲ್ಲ.

"ನಾಷ್ಟಾ?" ಎಂದ ಬಸವಪ್ರಭು, ಆದಷ್ಟು ಮೆಲ್ಲಗೆ.

"ದಿನಾ ಇದು ಚಾಲೂ ಆಗೂದರಾಗ ನಾ ಒಳಗ ಹೋಗಿ ಉಪ್ಪಿಟ್ಟು ಮಾಡಿ ಬರ್ತಿದ್ದೆ. ಈಗ ಆ ಟೈಮ್ ಎಲ್ಲೈತ್ರಿ? ರವಾ ಮ್ಯಾಲಿನ ಡಬ್ಬ್ಯಾಗ ಐತಿ, ತಗೋರಿ."

ಆತ ಅಡಿಗೆಮನೆಗೆ ಹೋದ. ಮೊದಲ ಸಲ ರವೆ ಹೊತ್ತಿತು, ಎರಡನೆಯ ಸಲ ನೀರು ಹೆಚ್ಚಾಯಿತು. ಐವತ್ತು ನಿಮಿಷದ ಮೇಲೆ ತಾಟು ಹಿಡಿದು ಹೊರಗೆ ಬಂದ. ದಾಕ್ಷಾಯಿಣಿ ಪರದೆಯಿಂದ ಕಣ್ಣು ಕೀಳದೆ ಎರಡು ತುತ್ತು ತಿಂದಳು.

"ಇನ್ನೂ ಸ್ವಲ್ಪ ಲಗೂ ಆಗಬೇಕ್ರಿ" ಎಂದಳು.

ಯಾವುದು, ಕಂಪ್ಯೂಟರೋ ಉಪ್ಪಿಟ್ಟೋ ಎಂದು ಕೇಳುವ ಧೈರ್ಯ ಬಸವಪ್ರಭುವಿಗೆ ಆಗಲಿಲ್ಲ. ಮರುದಿನ ಏಳಕ್ಕೇ ಎದ್ದು ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಲು ಕೂತ.