ಹೂಕುಂಡದ ಬಿಳಿ ಮನೆ

"ಛತ್ರಿ ಹಿಂದೆ ನಾ ಬರೂದಿಲ್ಲ!"

ವೆನಿಸ್ ಎಂಬ ಮಹಾನಗರದ ನೆಲಕ್ಕೆ ಎರಡನೇ ಕಾಲು ಊರುವ ಮೊದಲೇ ಜಟ್ಟಿ ಘೋಷಣೆ ಹೊರಡಿಸಿದ. ನೆಲ ಎಂದರೂ ತಪ್ಪೇ. ಆ ಊರಲ್ಲಿ ಇರುವುದೇ ಚೂರು ನೆಲ. ರಸ್ತೆ ಇರಬೇಕಾದಲ್ಲಿ ನೀರು, ಅಂಗಳ ಇರಬೇಕಾದಲ್ಲಿ ನೀರು. ಅರಮನೆಯಂಥ ಮನೆಗಳೂ ಸೊಂಟದವರೆಗೆ ನೀರಲ್ಲಿ ನಿಂತಿದ್ದವು.

ದೋಣಿ ಎಂಜಿನ್ ಮಾರುವ ಕಂಪನಿಯೊಂದು ಭಟ್ಕಳದಿಂದ ಕುಮಟೆಯವರೆಗಿನ ತನ್ನ ಹಳೇ ಗಿರಾಕಿಗಳನ್ನು ಹೆಂಡಂದಿರ ಸಮೇತ ಯುರೋಪ್ ಪ್ರವಾಸಕ್ಕೆ ಕರೆತಂದಿತ್ತು. ಗೈಡು ಸೌಜನ್ಯಾ ಕುಮಟೆಯವಳೇ. ಮಳೆಯ ಸುಳಿವಿಲ್ಲದಿದ್ದರೂ ಹಳದಿ ಛತ್ರಿಯೊಂದನ್ನು ಬಿಡಿಸಿ ಎತ್ತಿ ಹಿಡಿದುಕೊಂಡು ಮುಂದೆ ಮುಂದೆ ನಡೆಯುತ್ತಿದ್ದಳು. ಹನ್ನೆರಡು ಜನ ಬಾತುಕೋಳಿ ಮರಿಗಳ ಹಾಗೆ ಹಿಂದೆ.

ಜಟ್ಟಿಗೆ ಉರಿದು ಹೋಯಿತು. ಅವನು ಯಾರು? ತದಡಿಯ ತಾಂಡೇಲ! ನಲವತ್ತು ವರ್ಷ ಕಡಲಲ್ಲಿ ದೋಣಿ ನಡೆಸಿದವ!

"ನೀರಿನ ಊರಲ್ಲಿ ನಂಗೆ ದಾರಿ ತೋರ್ಸೂಕೆ ಛತ್ರಿ ಬೇಕ? ನಾ ಎಂತ ಅಂಗನವಾಡಿಗೆ ಹೋಗೂ ಮಗುವ?"

"ಬೇಡ ಜಟ್ಟಣ್ಣ," ಸೌಜನ್ಯಾ ನಕ್ಕಳು. "ಈಗ ಒಂದು ಗಂಟೆ. ಎರಡು ತಾಸು ನಿಮ್ಮಷ್ಟಕ್ಕೆ ತಿರುಗಾಡಿ. ಮೂರು ಗಂಟೆಗೆ ಸಮಾ, ದೋಣಿ ಇಳಿದ ಈ ದಕ್ಕೆಗೇ ಬಂದು ನಿಲ್ಲಿ. ಆಮೇಲೆ ಬಂಗಾರದ ಇಗರ್ಜಿ. ಟಿಕೇಟು ಮೂರೂಕಾಲಿಗೇ. ತಡ ಆದ್ರೆ ಒಳಗೆ ಬಿಡೂದಿಲ್ಲ. ರಾತ್ರಿ ವಿಮಾನ, ಮತ್ತೆ ನೋಡುಕಾಗೂದಿಲ್ಲ."

ಈ ಕೊನೇ ಮಾತು ಲಕ್ಕಿಯ ಎದೆಗೆ ನಾಟಿತು. ಲಕ್ಕಿ ಜಟ್ಟಿಯ ಹೆಂಡತಿ. ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಒಂಬತ್ತು ದಿನದ ಪ್ರವಾಸದಲ್ಲಿ ಅವಳು ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಒಳಗೆ ತಲೆಯ ಮೇಲಿನ ಮಾಡಿಗೆಲ್ಲ ಬಂಗಾರ ಬಳಿದ ಆ ಏಸುವಿನ ಇಗರ್ಜಿಯನ್ನು ಮೊಬೈಲಿನಲ್ಲಿ ನೋಡಿದ ದಿನದಿಂದ ಅವಳಿಗೆ ಅದೇ ಜಪ. ನೋಡಿ ಬಂದು ಹೇಳುತ್ತೇನೆ ಎಂದು ಮೀನುಪೇಟೆಯ ಗಣಪಿಗೆ, ಸಣ್ಣಿಗೆ ಮಾತು ಕೊಟ್ಟು ಬಂದಿದ್ದಳು.

"ಮೂರು ಗಂಟೆ ಅಂದ್ರೆ ಮೂರು ಗಂಟೆ. ಕೇಳ್ತ?" ಅಂದಳು ಗಂಡನಿಗೆ.

"ಹೆದರಬೇಡ. ನಾ ಗುರ್ತು ಹಿಡೀತೆ."

ಗುರ್ತು ಹಿಡಿಯುವುದೆಂದರೆ ತಾಂಡೇಲರ ವಿದ್ಯೆ. ಕಡಲಿನ ನಡುವೆ ಬೋರ್ಡು ಇರುವುದಿಲ್ಲ. ದಡದ ಮೇಲೆ ಎರಡು ಗುರ್ತು ನೋಡಿಕೊಳ್ಳಬೇಕು. ಎಡಕ್ಕೆ ಗುಡ್ಡದ ತುದಿ, ಬಲಕ್ಕೆ ಒಂಟಿ ತೆಂಗು ಕಂಡರೆ ನಡುವೆ ನಮ್ಮ ಬಲೆಯ ಜಾಗ. ಜಟ್ಟಿ ದಕ್ಕೆಯ ಮೇಲೆ ಸೇನಾಪತಿಯಂತೆ ನಿಂತು, ಕಣ್ಣು ಕಿರಿದು ಮಾಡಿ, ಊರನ್ನು ಅಳೆದ. ಎಡಕ್ಕೆ ಆಕಾಶಕ್ಕೆ ಚುಚ್ಚಿದ ಕೆಂಪು ಇಟ್ಟಿಗೆಯ ಗೋಪುರ. ಬಲಕ್ಕೆ ದೂರದಲ್ಲಿ, ಮರಗಳ ಹಿಂದೆ, ಐದು ಮಾಳಿಗೆಯ ಬಿಳಿ ಮನೆ. ಮಾಳಿಗೆ ಮಾಳಿಗೆಗೂ ಕಟಕಟೆ, ಕಟಕಟೆಗೆಲ್ಲ ಹೂಕುಂಡ.

"ಎಡಕ್ಕೆ ಗೋಪುರ, ಬಲಕ್ಕೆ ಹೂಕುಂಡದ ಮನೆ. ನಡುವೆ ನಮ್ಮ ದಕ್ಕೆ. ಆತು!"

"ಆ ಮನೆಗೆ ಬಾಗಿಲೇ ಕಾಣೂದಿಲ್ಲಲ," ಅಂದಳು ಲಕ್ಕಿ.

"ನೀ ಎಂತ ಅವ್ರ ಮನೆಗೆ ಹೆಣ್ಣು ಕೇಳೂಕೆ ಹೊರಟ್ಯ?"

ಹೊನ್ನಾವರದ ದೇವರಾಜನೂ ದೋಣಿಯವನೇ. ಪಕ್ಕದಲ್ಲಿ ನಿಂತು ಹಲ್ಲು ಕಿಸಿದ. "ಜಟ್ಟಣ್ಣ, ಗುರ್ತು ಸಮಾ ನೋಡ್ಕಂಡ್ರ? ನಾ ಬಡವ, ಛತ್ರಿ ಹಿಂದೇ ಹೋಗ್ತೆ."

"ಹೋಗು! ಬಿಸಿಲಿಗೆ ಕರಗೀಯೆ!"

ಅವಲಕ್ಕಿ ಡಬ್ಬಿ, ಉಪ್ಪಿನಕಾಯಿ ಬಾಟಲಿ, ಎರಡು ಶಾಲು ತುಂಬಿದ ಲಕ್ಕಿಯ ದೊಡ್ಡ ಚೀಲವನ್ನು ಹೆಗಲಿಗೇರಿಸಿ ಜಟ್ಟಿ ಓಣಿಗೆ ನುಗ್ಗಿದ.

ನೋಡುವುದಕ್ಕೆ ಎಷ್ಟಿತ್ತು! ಕಲ್ಲಲ್ಲಿ ಕಸೂತಿ ಹಾಕಿದಂಥ ಕಿಟಕಿಗಳು. ಗೋಡೆಗಳಲ್ಲಿ ರೆಕ್ಕೆಯ ಸಿಂಹಗಳು. ಜಟ್ಟಿಗೆ ಒಂದೊಂದು ನೋಡಿದಾಗಲೂ ಸಿಟ್ಟು ಒಂದೊಂದು ಮೆಟ್ಟಿಲು ಏರಿತು. ಗೋಡೆಯ ಗಾರೆ ಉದುರಿದ್ದಕ್ಕೆ ಸಿಟ್ಟು. "ನಾಕು ನೂರು ವರ್ಷ ಆತಂತೆ, ಒಂದು ಸಲ ಸುಣ್ಣ ಬಳೀಲಿಲ್ಲ!" ವಾಲಿದ ಗಂಟೆಗೋಪುರಕ್ಕೆ ಸಿಟ್ಟು. "ಯಾಣದ ಬಂಡೆ ನೋಡು, ಯಾರೂ ಕಟ್ಟಿದ್ದಲ್ಲ, ಆದ್ರೂ ನೆಟ್ಟಗೆ ನಿಂತದೆ. ಇದನ್ನ ಕಟ್ಟಿದವ ಕುಡ್ಕನೇ!" ಹತ್ತು ಹೆಜ್ಜೆಗೊಂದು ಸೇತುವೆ, ಸೇತುವೆಗೆ ಮೆಟ್ಟಿಲು, ಮೆಟ್ಟಿಲಿಗೆ ಮಂಡಿನೋವು. ಅದಕ್ಕೂ ಸಿಟ್ಟು.

ಒಂದು ಸೇತುವೆಯ ಕೆಳಗೆ ಪಟ್ಟೆಪಟ್ಟೆ ಅಂಗಿಯವನೊಬ್ಬ ಉದ್ದನೆಯ ಕರೀ ದೋಣಿಯ ಹಿಂಬದಿಗೆ ನಿಂತು, ಒಂದೇ ಒಂದು ಹುಟ್ಟು ಹಾಕುತ್ತ ಬಂದ. ದೋಣಿ ತುಂಬ ಜನ. ಎಲ್ಲರ ಕಾಲಲ್ಲೂ ಬೂಟು!

"ಏ! ಚಪ್ಲಿ ಹಾಕ್ಕಂಡು ದೋಣಿ ಹತ್ತಿಸ್ತ್ಯ? ದೋಣಿ ಅಂದ್ರೆ ದೇವ್ರು! ಇನ್ನೊಂದು ಹುಟ್ಟು ಎಲ್ಲಿ, ಮನೇಲಿ ಮರ್ತು ಬಂದ್ಯ?"

ಅವನು ಹೊಗಳಿಕೆ ಎಂದುಕೊಂಡನೋ ಏನೋ, ಟೊಪ್ಪಿ ತೆಗೆದು ಲಕ್ಕಿಗೆ ತಲೆ ಬಾಗಿದ. ಲಕ್ಕಿ ನಕ್ಕಳು. ಜಟ್ಟಿಯ ಸಿಟ್ಟಿಗೆ ಇನ್ನು ಮಾಳಿಗೆ ಬಾಕಿ ಇರಲಿಲ್ಲ.

ಓಣಿಗಳು ಎಷ್ಟು ಇಕ್ಕಟ್ಟೆಂದರೆ ಆಕಾಶ ಲಾಡಿಯಷ್ಟೇ ಅಗಲ. ಗೋಪುರವೂ ಇಲ್ಲ, ಮನೆಯೂ ಇಲ್ಲ. ಒಂದೇ ಬಾವಿಕಟ್ಟೆಯನ್ನು ಮೂರು ಸಲ ಸುತ್ತಿದರು.

"ಯಾರನ್ನಾದ್ರೂ ಕೇಳಿ."

"ಕೇಳೂದ? ನಾನ?"

"ಹಾಗಾದ್ರೆ ನಾ ಕೇಳ್ತೆ."

"ನೀ ಕೇಳಿದ್ರೂ ಮರ್ಯಾದೆ ಹೋಗೂದು ನಂದೇ!"

ಅಂತೂ ಎರಡೂವರೆಗೆ ಒಂದು ಓಣಿ ಅವರನ್ನು ನೀರಿನ ದಡಕ್ಕೆ ಉಗಿಯಿತು. ಎದುರಿಗೆ ದಕ್ಕೆ. ಅದರ ಮೇಲೆ ಊರಿಗೆ ಮುಖ ಮಾಡಿ ನಿಂತರೆ ಎಡಕ್ಕೆ ಕೆಂಪು ಗೋಪುರವೂ ಕಂಡಿತು.

"ಬಂದಾತು!" ಲಕ್ಕಿ ಕುಣಿದಳು. "ಇದೇ ಜಾಗ. ನೋಡಿ, ಮುಖವಾಡ ಮಾರೂ ಹೆಂಗ್ಸು ಇಲ್ಲೇ ಕೂತ್ಕಂಡಿತ್ತು. ಅದೇ ಕೆಂಪು ಶಾಲು."

ಲಕ್ಕಿಗೆ ಊರೆಂದರೆ ಯಾರು ಎಲ್ಲಿ ಕೂತು ಏನು ಮಾರುತ್ತಾರೆ ಎಂಬುದು. ಜಟ್ಟಿ ಬಲಕ್ಕೆ ನೋಡಿದ. ಮರ ಇತ್ತು. ಮರದ ಹಿಂದೆ ಬರೀ ಆಕಾಶ.

"ಬಿಳಿ ಮನೆ ಎಲ್ಲಿ? ಮನೆ ಇಲ್ಲ! ಜಾಗ ಇದಲ್ಲ."

"ಹೆಂಗ್ಸು ಇಲ್ಲೇ ಅದೆಯಲ್ಲ ಮಾರಾಯ್ರೆ!"

"ಹೆಂಗ್ಸು ಎದ್ದು ಹೋಗ್ತದೆ, ಇನ್ನೊಂದು ಕಡೆ ಕೂರ್ತದೆ. ಮನೆ ಎದ್ದು ಹೋಗ್ತದ?"

ಜಟ್ಟಿ ಲಕ್ಕಿಯ ಕೈ ಹಿಡಿದು ದಡದ ಉದ್ದಕ್ಕೂ ಬಲಕ್ಕೆ ಎಳೆದ. ಒಂದು ಸೇತುವೆ ಹತ್ತಿ ಇಳಿದರು. ಎರಡನೆಯದೂ ಆಯಿತು. ಮೂರನೆಯದರ ನೆತ್ತಿಯಲ್ಲಿ ಜಟ್ಟಿ ಕೂಗಿಕೊಂಡ.

"ಅದೋ! ಕಾಣ್ತ? ಹೂಕುಂಡದ ಮನೆ! ನಾ ಹೇಳಿಲ್ವ?"

ನಿಜ. ಮರಗಳ ಮೇಲೆ ಅದೇ ಐದು ಮಾಳಿಗೆ, ಅದೇ ಹೂಕುಂಡ. ಇಬ್ಬರೂ ಓಡಿದರು. ನಾಲ್ಕನೇ ಸೇತುವೆಗೆ ಬಂದಾಗ ಮನೆ ಹತ್ತಿರ ಬಂದಿರಲಿಲ್ಲ. ಐದನೆಯದಕ್ಕೆ ಬಂದಾಗ ಸಣ್ಣದಾಗಿತ್ತು.

"ಇದೆಂತ, ನಾವು ಹೋದಷ್ಟೂ ದೂರ ಹೋಗ್ತದೆ!" ಲಕ್ಕಿ ಏದುಸಿರು ಬಿಟ್ಟಳು.

"ದಡ ಸೊಟ್ಟ ಅದೆ, ಹಾಗೆ ಕಾಣ್ತದೆ. ಸುಮ್ನೆ ಓಡು! ದರಿದ್ರ ಊರು, ಒಂದು ದಡ ನೆಟ್ಟಗೆ ಕಟ್ಟುಕೆ ಬರೂದಿಲ್ಲ ಇವ್ರಿಗೆ!"

ಮರಗಳ ಸಾಲು ಮುಗಿಯಿತು. ಎದುರಿಗೆ ತೆರೆದ ನೀರು. ಆ ನೀರಿನ ನಟ್ಟನಡುವೆ, ಐದು ಮಾಳಿಗೆ, ಹೂಕುಂಡ, ಕಟಕಟೆಗೆ ಒರಗಿ ಕೈ ಬೀಸುವ ಜನ, ಎಲ್ಲ ಸಮೇತ ಬಿಳಿ ಮನೆ ತೇಲುತ್ತ ಹೊರಟಿತ್ತು.

"ಭೋಂ...!" ಅಂದಿತು ಮನೆ.

ನಲವತ್ತು ವರ್ಷ ಕಡಲಲ್ಲಿ ಕೇಳಿದ ಸದ್ದು. ನಿದ್ದೆಯಲ್ಲಿ ಕೇಳಿದರೂ ಜಟ್ಟಿ ಹೇಳಬಲ್ಲ. ತದಡಿಯ ತಾಂಡೇಲ, ಹಾಡಹಗಲು, ಎರಡೂ ಕಣ್ಣು ತೆರೆದುಕೊಂಡು, ಹಡಗನ್ನು ಮನೆ ಎಂದುಕೊಂಡಿದ್ದ!

ಲಕ್ಕಿ ಹಡಗನ್ನು ನೋಡಿದಳು. ಗಂಡನನ್ನು ನೋಡಿದಳು. ನಗುತ್ತಾಳೆ ಎಂದು ಜಟ್ಟಿ ಕಾದ. ಬೈಯುತ್ತಾಳೆ ಎಂದೂ ಕಾದ. ಅಷ್ಟರಲ್ಲಿ ದೂರದ ಗಡಿಯಾರದ ಗೋಪುರದಲ್ಲಿ ಕಂಚಿನ ಬೊಂಬೆಗಳು ಸುತ್ತಿಗೆ ಎತ್ತಿ ಗಂಟೆ ಬಡಿದವು. ಒಂದು. ಎರಡು. ಮೂರು.

ಲಕ್ಕಿಯ ಕಣ್ಣು ತುಂಬಿತು. "ಗಣಪಿಗೆ ಎಂತ ಹೇಳ್ಲಿ?"

ಜಟ್ಟಿಯ ಸಿಟ್ಟಿಗೆ ಆ ಊರಲ್ಲಿ ಬೈಯುವುದಕ್ಕೆ ಎಷ್ಟೋ ಉಳಿದಿತ್ತು. ಅದನ್ನೆಲ್ಲ ಬಿಟ್ಟು ಚೀಲವನ್ನು ಹೆಗಲಿಗೆ ಬಿಗಿದ.

"ಓಡು!" ಅಂದ.

ಓಡಿದರು. ಮಂಡಿನೋವು ಮರೆತು ಐದು ಸೇತುವೆ ಹತ್ತಿಳಿದರು. ದಕ್ಕೆ ಖಾಲಿ. ಜಟ್ಟಿ ಜೀವಮಾನದಲ್ಲಿ ಮೊದಲ ಸಲ ದಾರಿ ಕೇಳಿದ. ಅದೂ ಕೆಂಪು ಶಾಲಿನ ಮುಖವಾಡದ ಹೆಂಗಸಿನ ಹತ್ತಿರ, ಕುಮಟೆ ಕನ್ನಡದಲ್ಲಿ, ಕೈ ಮುಗಿದುಕೊಂಡು. "ಅವ್ವಾ, ಬಂಗಾರದ ಇಗರ್ಜಿ ಎಲ್ಲಿ ಅದೆ?" ಮಾತು ತಿಳಿಯದಿದ್ದರೂ ಅವಳು ಲಕ್ಕಿಯ ಮುಖ ನೋಡಿ ಕೆಂಪು ಗೋಪುರದ ಕಡೆ ಕೈ ತೋರಿಸಿದಳು.

ಇಗರ್ಜಿಯ ಬಾಗಿಲಲ್ಲಿ ಹಳದಿ ಛತ್ರಿ ಇನ್ನೂ ನಿಂತಿತ್ತು. ಛತ್ರಿಯ ಕೆಳಗೆ ಸೌಜನ್ಯಾ ದ್ವಾರಪಾಲಕನ ಹತ್ತಿರ ಬೇಡಿಕೊಳ್ಳುತ್ತಿದ್ದಳು.

"ಕಡೇ ಎರಡು ನಿಮಿಷ ಕೊಟ್ಟಾನೆ, ಬನ್ನಿ ಬೇಗ! ಅಯ್ಯೋ, ಜಟ್ಟಣ್ಣ, ಇಷ್ಟು ದೊಡ್ಡ ಚೀಲ ಒಳಗೆ ಬಿಡೂದಿಲ್ಲ. ಇಡೂ ಜಾಗ ಆಚೆ ಓಣೀಲಿ ಅದೆ, ಈಗ ಹೊತ್ತಿಲ್ಲ."

ಜಟ್ಟಿ ಚೀಲವನ್ನು ಎದೆಗೆ ಅಪ್ಪಿಕೊಂಡ. "ಲಕ್ಕಿ, ನೀ ಹೋಗು."

"ನೀವು?"

"ಹೋಗು ಅಂದೆನಲ!"

ಸೌಜನ್ಯಾ ಒಳಗೆ ಕಾಲಿಟ್ಟವಳು ತಿರುಗಿ ಬಂದು ಛತ್ರಿಯನ್ನು ಅವನ ಕೈಗೆ ತುರುಕಿದಳು. "ಎತ್ತಿ ಹಿಡ್ಕಂಡು ಇಲ್ಲೇ ನಿಲ್ಲಿ. ಹೊರಗೆ ಬಂದವರಿಗೆ ಗುರ್ತು ಬೇಕಲ. ಅಲ್ಲಾಡಬೇಡಿ!"

ಮುಕ್ಕಾಲು ತಾಸು ಜಟ್ಟಿ ಅಲ್ಲಾಡಲಿಲ್ಲ. ಒಂದು ಹೆಗಲಿಗೆ ಉಪ್ಪಿನಕಾಯಿ, ಒಂದು ಕೈಯಲ್ಲಿ ಹಳದಿ ಛತ್ರಿ. ಯಾವ ದೇಶದವರೋ, ಬೆಳ್ಳಿಕೂದಲಿನ ಏಳೆಂಟು ಜನ ತಮ್ಮ ಗೈಡೆಂದು ತಿಳಿದು ಬಂದು ಅವನ ಹಿಂದೆ ಸಾಲಾಗಿ ನಿಂತರು. ಬೈಯಬೇಕೆಂದು ಬಾಯಿ ತೆರೆದ. ಅವರೆಲ್ಲ ನಂಬಿಕೆಯಿಂದ ನೋಡಿದರು. ಛತ್ರಿಯನ್ನು ಇನ್ನಷ್ಟು ಎತ್ತರಕ್ಕೆ ಹಿಡಿದ.

ದೇವರಾಜ ಹೊರಗೆ ಬಂದ. ಜಟ್ಟಿಯನ್ನು, ಛತ್ರಿಯನ್ನು, ಹಿಂದಿನ ಸಾಲನ್ನು ನೋಡಿ ಮೊಬೈಲ್ ತೆಗೆದು ಫೋಟೋ ಹೊಡೆದ.

ಕಟ್ಟಕಡೆಗೆ ಲಕ್ಕಿ ಬಂದಳು. ಮುಖದ ಮೇಲೆ ಬಂಗಾರದ ಹೊಳಪು ಇನ್ನೂ ಆರಿರಲಿಲ್ಲ.

"ಕಂಡಾತ ಬಂಗಾರದ ಮಾಡು?" ಜಟ್ಟಿ ಮೆಲ್ಲಗೆ ಕೇಳಿದ.

"ಕಂಡೆ," ಅಂದಳು ಲಕ್ಕಿ. "ಗಟ್ಟಿ ಅದೆ. ನಾ ನೋಡಿ ಮುಗಿಸೂ ತನಕ ಎದ್ದು ಹೋಗ್ಲಿಲ್ಲ."